ಕೋಕಾ, ಕರಿಗೋಟು, ಕೆಂಪುಗೋಟು

ಮಳೆಗಾಲ ಹಿಡಿಯುವ ಮೊದಲು ಅಟ್ಟ ಖಾಲಿ ಮಾಡಬೇಕೆಂದು ಈ ಸಲ ಮೇ ಕೊನೆಯಲ್ಲಿ ರಾಮನಗುಳಿಗೆ ಹೋಗಿದ್ದೆ. 2019ರ ಆಗಸ್ಟಿನಲ್ಲಿ ಗಂಗಾವಳಿ ಉಕ್ಕಿ, ತೋಟ ದಾಟಿ, ಜಗಲಿಯ ಮೆಟ್ಟಿಲಿಗೆ ಬಂದು ನಿಂತ ಮೇಲೆ ನಮ್ಮ ಮನೆಯಲ್ಲಿ ಹೊಸದೊಂದು ಪದ್ಧತಿ ಬಂದಿದೆ. ಉಳಿಸಬೇಕಾದದ್ದು ಅಟ್ಟಕ್ಕೆ, ಬೇಡದ್ದು ಹೊರಕ್ಕೆ. ವರ್ಷಕ್ಕೊಮ್ಮೆ ಯಾರಾದರೂ ಕೂತು ಯಾವುದು ಯಾವುದೆಂದು ತೀರ್ಮಾನಿಸಬೇಕು. ಈ ವರ್ಷ ನನ್ನ ಸರದಿ.

ಕಂಬಳಿಗಳ ಹಿಂದೆ ನನ್ನದೇ ಒಂದು ರಟ್ಟಿನ ಪೆಟ್ಟಿಗೆ ಸಿಕ್ಕಿತು. ಮೇಲೆ ಹತ್ತಿಪ್ಪತ್ತು ಫ್ಲಾಪಿಗಳು. ಘಟ್ಟದ ಮಳೆಗಾಲ ಫ್ಲಾಪಿಯನ್ನು ಬಿಡುವುದಿಲ್ಲ. ಲೋಹದ ಬಾಗಿಲು ಸರಿಸಿದರೆ ಒಳಗೆ ಬೂಷ್ಟು ಹೂವಿನ ಹಾಗೆ ಅರಳಿತ್ತು. ಅವುಗಳ ಕೆಳಗೆ ಎರಡೂ ಅಂಚಿಗೆ ತೂತುಗಳಿರುವ ಉದ್ದನೆಯ ಪ್ರಿಂಟರ್ ಕಾಗದ, ಮಡಿಕೆ ಮಡಿಕೆಯಾಗಿ. ಡಾಟ್ ಮ್ಯಾಟ್ರಿಕ್ಸ್ ಅಕ್ಷರಗಳು ಮಾಸಿದ್ದರೂ ಓದಬಹುದಿತ್ತು. ಸದಸ್ಯನ ನಂಬರು, ಹೆಸರು, ತಾರೀಕು, ಗ್ರೇಡು, ಕಿಲೋ. ಪ್ರತಿ ಸಾಲಿನ ಬಲಕ್ಕೆ ಕೆಂಪು ಮಸಿಯ ಒಂದು ಸರಿಗುರುತು.

ಅದೇ ಹೊತ್ತಿಗೆ ಕೆಳಗೆ ಜಗಲಿಯಲ್ಲಿ ಅಣ್ಣನ ಮಗಳು ಲ್ಯಾಪ್‌ಟಾಪಿನ ಮುಂದೆ ಕೂತು ಬೆಂಗಳೂರಿನ ಆಫೀಸಿನವರೊಡನೆ ಮಾತಾಡುತ್ತಿದ್ದಳು. ಅವಳು ಸಾಫ್ಟ್‌ವೇರ್ ಕೆಲಸದವಳು. ತಿಂಗಳಲ್ಲಿ ಹತ್ತು ದಿನ ಊರಿನಿಂದಲೇ ದುಡಿಯುತ್ತಾಳೆ. "ಆ ಸಾಲಿಗೆ ಬ್ಲೇಮ್ ಹಾಕಿ ನೋಡಿ, ಯಾರು ಬರೆದದ್ದು ಅಂತ ಗೊತ್ತಾಗ್ತದೆ" ಎಂದಳು. ಪ್ರೋಗ್ರಾಮಿನ ಯಾವ ಸಾಲನ್ನು ಯಾರು, ಯಾವ ದಿನ ಬರೆದರು ಎಂದು ತೋರಿಸುವ, ಗಿಟ್ ಎಂಬ ಉಪಕರಣದ ಒಂದು ಆಜ್ಞೆ ಅದು. ನಾನೂ ದಿನಕ್ಕೆ ನಾಲ್ಕು ಸಲ ಬಳಸುತ್ತೇನೆ. ಆದರೆ ಆ ಕಾಗದ ಕೈಯಲ್ಲಿ ಹಿಡಿದು ಆ ಮಾತು ಕೇಳಿದಾಗ ಏಣಿಯ ಮೇಲಿನಿಂದ ಇಳಿಯಲಾಗದೆ ಸ್ವಲ್ಪ ಹೊತ್ತು ಅಲ್ಲೇ ಕೂತೆ.

1996ರಲ್ಲಿ ನನಗೆ ಮೊದಲ ಕೆಲಸ ಸಿಕ್ಕಿದ್ದು ಘಟ್ಟದ ಮೇಲಿನ ಒಂದು ಸಹಕಾರಿ ಸಂಘದಲ್ಲಿ. ಹೆಸರು ಬೇಡ. ಹುಬ್ಬಳ್ಳಿಯಲ್ಲಿ ಕಂಪ್ಯೂಟರ್ ಕೋರ್ಸ್ ಮುಗಿಸಿ ಬಂದಿದ್ದೆ, ವಯಸ್ಸು ಇಪ್ಪತ್ತೆರಡು. ಸೋಮವಾರ ಬೆಳಿಗ್ಗೆ ಹೆದ್ದಾರಿಗೆ ಬಂದು ಅಂಕೋಲೆಯಿಂದ ಬರುವ ಹುಬ್ಬಳ್ಳಿ ಬಸ್ಸಿಗೆ ಕೈ ಮಾಡಿದರೆ ಗುಳ್ಳಾಪುರ, ಅರಬೈಲ್ ಘಟ್ಟ ಹತ್ತಿಸಿ ಬಿಡುತ್ತಿತ್ತು; ಶನಿವಾರ ಸಂಜೆ ಇಳಿದು ಬರುತ್ತಿದ್ದೆ. ಸಂಘದವರು ಒಂದು 486 ಕಂಪ್ಯೂಟರ್, ಒಂದು ಪ್ರಿಂಟರ್, ಒಂದು ಯುಪಿಎಸ್ ತರಿಸಿದ್ದರು. ಅಡಿಕೆ ಲೆಕ್ಕವನ್ನೆಲ್ಲ ಅದರೊಳಗೆ ತರುವುದು ನನ್ನ ಕೆಲಸ.

ಅಡಿಕೆ ಲೆಕ್ಕ ಸಣ್ಣದಲ್ಲ. ಸದಸ್ಯ ಚೀಲ ತಂದು ವ್ಯಾಪಾರಿ ಅಂಗಳದಲ್ಲಿ ಇಳಿಸಿದ ಗಳಿಗೆಯಿಂದ ತೂಕ, ಗ್ರೇಡು, ಟೆಂಡರಿನ ದರ, ಹಮಾಲಿ, ದಲಾಲಿ, ಅವನ ಆಸಾಮಿ ಖಾತೆಯಲ್ಲಿನ ಸಾಲ, ಬಡ್ಡಿ, ಎಲ್ಲ ಕಳೆದು ಕೈಗೆ ಬರುವ ಹಣದವರೆಗೆ ಒಂದಕ್ಕೊಂದು ಕೊಂಡಿ. ಗ್ರೇಡುಗಳೇ ಎಷ್ಟು! ಹಣ್ಣಡಿಕೆ ಒಣಗಿಸಿ ಸುಲಿದ ಚಾಲಿ, ಹಸಿಯಾಗಿ ಸುಲಿದು ಬೇಯಿಸಿದ ರಾಶಿ, ತಟ್ಟಿಬೆಟ್ಟೆ, ಬಿಳಿಗೋಟು, ಕೆಂಪುಗೋಟು, ಕರಿಗೋಟು, ಚಿಪ್ಪು, ಕೊನೆಗೆ ಯಾರಿಗೂ ಬೇಡವಾದ ಕೋಕಾ. ಕೋಕಾಕ್ಕೆ ಬರುವುದು ಚಿಲ್ಲರೆ ಹಣ. ಆದರೆ ತೋಟ ಚಿಕ್ಕದಾದಷ್ಟೂ ಆ ಚಿಲ್ಲರೆಯ ತೂಕ ಹೆಚ್ಚು.

ನಾನು ಬರೆದದ್ದು ಫಾಕ್ಸ್‌ಪ್ರೋದಲ್ಲಿ, ಡಾಸ್‌ನ 2.6 ಆವೃತ್ತಿ. ಈಗಿನ ಹುಡುಗರಿಗೆ ಅದರ ಹೆಸರು ಗೊತ್ತಿಲ್ಲ. ಡಿಬೇಸ್‌ನ ವಂಶದಲ್ಲಿ ಹುಟ್ಟಿ, ಅಮೆರಿಕದ ಓಹಾಯೋದ ಒಂದು ಚಿಕ್ಕ ಕಂಪನಿಯಲ್ಲಿ ಬೆಳೆದು, 1992ರಲ್ಲಿ ಮೈಕ್ರೋಸಾಫ್ಟ್ ಕೈ ಸೇರಿ, 2015ರಲ್ಲಿ ಬೆಂಬಲವೂ ನಿಂತುಹೋದ ಭಾಷೆ ಅದು. ಅದನ್ನು ಹಳೆಯ ಸರಕೆಂದು ತಳ್ಳಿಹಾಕುವವರೊಡನೆ ನಾನು ಈಗಲೂ ಜಗಳವಾಡುತ್ತೇನೆ. ಟೇಬಲ್ ತೆರೆಯಲು ಯೂಸ್, ನೋಡಲು ಬ್ರೌಸ್, ಸೇರಿಸಲು ಅಪೆಂಡ್, ಹುಡುಕಲು ಸೀಕ್. ಒಬ್ಬನೇ ಹುಡುಗ, ಒಂದೇ ಕಂಪ್ಯೂಟರಿನಲ್ಲಿ, ಕೇಳಿ ತಿಳಿಯಲು ಹತ್ತಿರದಲ್ಲಿ ಯಾರೂ ಇಲ್ಲದ ಊರಿನಲ್ಲಿ ಎರಡು ತಿಂಗಳಿಗೆ ಒಂದು ಸಂಘದ ಲೆಕ್ಕ ನಿಲ್ಲಿಸಬಹುದಾಗಿತ್ತು. ಅಣ್ಣನ ಮಗಳು ಹೊಸ ಪ್ರಾಜೆಕ್ಟಿಗೆ ಸೇರಿದಾಗ, ಒಂದು ಸಾಲು ಬರೆಯುವ ಮೊದಲು ಉಪಕರಣಗಳನ್ನೆಲ್ಲ ಇಳಿಸಿ ಹೊಂದಿಸುವುದಕ್ಕೇ ಮೂರು ದಿನ ಹೋದವು. ಅಷ್ಟರಲ್ಲಿ ನಾನು ಚಾಲಿ, ರಾಶಿಯ ಪಟ್ಟಿ ಪ್ರಿಂಟ್ ಮಾಡಿ ಮುಗಿಸಿರುತ್ತಿದ್ದೆ.

ಟೇಬಲಿನ ಅಂಕಣದ ಹೆಸರು ಹತ್ತು ಅಕ್ಷರ ಮೀರುವಂತಿರಲಿಲ್ಲ. ವರದಿಯಲ್ಲಿ ಪ್ರತಿ ಗ್ರೇಡಿಗೂ ಒಂದು ಅಂಕಣ ಬೇಕಿತ್ತು. ತಟ್ಟಿಬೆಟ್ಟೆಯನ್ನು ಇಂಗ್ಲಿಷ್ ಲಿಪಿಯಲ್ಲಿ ಬರೆದು ಎಣಿಸಿದರೆ ಸರಿಯಾಗಿ ಹತ್ತು! ಅವತ್ತು ಆದ ಖುಷಿ ಈಗಲೂ ನೆನಪಿದೆ. ಕನ್ನಡ ಲಿಪಿ ಮಾತ್ರ ನಮಗೆ ದಕ್ಕಲಿಲ್ಲ. ಡಾಸ್‌ನಲ್ಲಿ ಕನ್ನಡ ಮೂಡಿಸುವ ಸಿ-ಡ್ಯಾಕ್‌ನ ಜಿಸ್ಟ್ ಕಾರ್ಡ್ ಇತ್ತು, ಸಂಘದ ಬಜೆಟ್ಟಿಗೆ ಅದು ಬರಲಿಲ್ಲ. ಹಾಗಾಗಿ ಗಣಪತಿಯೊಬ್ಬನೇ ಇಂಗ್ಲಿಷ್ ಅಕ್ಷರಗಳಲ್ಲಿ ಮೂರು ಥರ ಆದ. ಒಮ್ಮೆ ಕೊನೆಯಲ್ಲಿ ಎಚ್ ಸೇರಿಕೊಂಡು, ಇನ್ನೊಮ್ಮೆ ನಡುವೆ ಎ ಬಿದ್ದುಹೋಗಿ. ಒಬ್ಬನದೇ ಮೂರು ಖಾತೆ.

ಇದನ್ನು ಮೊದಲು ಕಂಡವರು ಸಂಘದ ಹಿರಿಯ ಗುಮಾಸ್ತರು. ಮುಲ್ಕಿ ಪರೀಕ್ಷೆ ಪಾಸಾಗಿ ಆ ಕುರ್ಚಿಗೆ ಬಂದವರು, ನಿವೃತ್ತಿಗೆ ಎರಡು ವರ್ಷ ಬಾಕಿ. ಬಿಳಿ ಪಂಚೆ, ಅರ್ಧ ತೋಳಿನ ಅಂಗಿ, ಜೇಬಿನಲ್ಲಿ ನೀಲಿ ಮತ್ತು ಕೆಂಪು ಎರಡು ಪೆನ್ನು. ನೀಲಿ ಬರೆಯಲಿಕ್ಕೆ, ಕೆಂಪು ತಾಳೆ ನೋಡಲಿಕ್ಕೆ. ದಿನದ ಲೆಕ್ಕ ಬರೆಯುವ ದೊಡ್ಡ ಕಿರ್ದಿಯನ್ನು ಮೇಜಿನ ಮೇಲೆ ಬಿಡಿಸಿಟ್ಟರೆ ಮೇಜೇ ಕಾಣುತ್ತಿರಲಿಲ್ಲ. ಬೆಳಿಗ್ಗೆ ಆರಂಭಿಕ ಶಿಲ್ಕು, ಸಂಜೆ ಆಖೈರು ಶಿಲ್ಕು. ಇವತ್ತಿನ ಆಖೈರು ನಾಳೆಯ ಆರಂಭ. ತಪ್ಪು ಬರೆದರೆ ಅದರ ಮೇಲೆ ಒಂದೇ ಒಂದು ಗೆರೆ. ಗೆರೆಯ ಕೆಳಗೆ ಹಳೆಯ ಅಂಕಿ ಓದಲು ಸಿಗಬೇಕು. ಮೇಲೆ ಸರಿ ಅಂಕಿ, ಪಕ್ಕದಲ್ಲಿ ಚಿಕ್ಕ ಸಹಿ. ದಿನ ದಾಟಿದ ತಪ್ಪಾದರೆ ಗೆರೆಯೂ ಇಲ್ಲ. ಸಿಕ್ಕ ದಿನದ ತಾರೀಕಿನಲ್ಲಿ ವಿರುದ್ಧ ನಮೂದು ಹಾಕಿ, ಏಕೆ ಎಂದು ಒಂದು ಸಾಲು ಬರೆಯುತ್ತಿದ್ದರು.

ನನ್ನನ್ನು ತಮಾ ಎಂದು ಕರೆಯುತ್ತಿದ್ದರು. ಮಧ್ಯಾಹ್ನ ಊಟದ ಡಬ್ಬಿ ಮುಗಿಸಿ ನನ್ನ ಹಿಂದೆ ಬಂದು ನಿಲ್ಲುತ್ತಿದ್ದರು. ಒಂದು ದಿನ ಕೇಳಿದರು: "ಇದರೊಳಗೆ ಅಳಿಸಿದ್ದು ಎಲ್ಲಿಗೆ ಹೋಗ್ತದೆ?"

ನಾನು ಹೆಮ್ಮೆಯಿಂದ ತೋರಿಸಿದೆ. ಫಾಕ್ಸ್‌ಪ್ರೋದಲ್ಲಿ ಡಿಲೀಟ್ ಎಂದರೆ ದಾಖಲೆ ಹೋಗುವುದಿಲ್ಲ. ಅಳಿಸಿದ್ದೆಂಬ ಗುರುತು ಮಾತ್ರ ಅದರ ತಲೆಯ ಮೇಲೆ ಬೀಳುತ್ತದೆ. ರಿಕಾಲ್ ಎಂದರೆ ಗುರುತು ಹೋಗಿ ದಾಖಲೆ ಮರಳುತ್ತದೆ. ಅವರ ಮುಖ ಅರಳಿತು. "ಇದು ನಮ್ಮ ಗೆರೆ ಎಳೆದ ಹಾಗೇ ಆಯ್ತಲ್ಲ!" ಎಂದರು. ಆಮೇಲೆ ಪ್ಯಾಕ್ ಎಂಬ ಇನ್ನೊಂದು ಆಜ್ಞೆ ಇದೆ, ಗುರುತು ಬಿದ್ದದ್ದನ್ನೆಲ್ಲ ಪೂರ್ತಿ ತೆಗೆದುಬಿಡುತ್ತದೆ, ಮತ್ತೆ ಸಿಗುವುದಿಲ್ಲ ಎಂದೆ. ಯಾಕೆ ಬೇಕು ಅದು ಎಂದು ಕೇಳಿದರು. ಜಾಗ ಉಳಿಸಲಿಕ್ಕೆ ಎಂದೆ. ಸುಮ್ಮನಿದ್ದು, ಕಾಗದ ತುಟ್ಟಿಯಾಯಿತೆಂದು ಕಿರ್ದಿಯ ಹಾಳೆ ಹರಿದವರನ್ನು ತಾವು ನೋಡಿಲ್ಲ ಎಂದರು. ನಾನು ಅದನ್ನು ಹಳೆಯ ಕಾಲದವರ ಮಾತೆಂದುಕೊಂಡೆ.

1998ರ ಮಾರ್ಚ್. ವರ್ಷಾಂತ್ಯ. ಸುಗ್ಗಿಯ ಅಡಿಕೆ ಅಂಗಳದಲ್ಲಿ, ಜನ ಕೌಂಟರಿನಲ್ಲಿ, ರಾತ್ರಿ ಒಂಬತ್ತರವರೆಗೆ ಕೆಲಸ. ಆರಂಭದ ದಿನಗಳಲ್ಲಿ ಪರೀಕ್ಷೆಗೆಂದು ನಾನೇ ಹಾಕಿದ್ದ ಸುಳ್ಳು ದಾಖಲೆಗಳು ಟೇಬಲಿನಲ್ಲಿ ಉಳಿದಿದ್ದವು. ಅವುಗಳ ಗ್ರೇಡಿನ ಜಾಗದಲ್ಲಿ ಬರೇ ಕೆ ಎಂದು ಬರೆದಿದ್ದೆ. ಮೊತ್ತ ತಾಳೆಯಾಗುತ್ತಿರಲಿಲ್ಲ. ಅವನ್ನು ತೆಗೆದರೆ ಸರಿಹೋಗುತ್ತದೆಂದು ಗ್ರೇಡು ಸಮ ಕೆ ಆಗಿರುವುದನ್ನೆಲ್ಲ ಡಿಲೀಟ್ ಮಾಡು ಎಂದು ಟೈಪಿಸಿದೆ. ಗುಮಾಸ್ತರು ಹಿಂದೆ ನಿಂತಿದ್ದರು.

"ಕೆ ಅಂದ್ರೆ ಯಾವ ಕೆ?"

ಅದು ಕಂಪ್ಯೂಟರಿಗೆ ಗೊತ್ತಾಗ್ತದೆ ಎಂದೆ. ಎಂಟರ್ ಒತ್ತಿದೆ. ಇಷ್ಟು ದಾಖಲೆ ಅಳಿಸಿದೆ ಎಂದು ಪರದೆಯ ಕೆಳಗೆ ಒಂದು ಸಂಖ್ಯೆ ಬಂತು. ನಾನು ಓದಲಿಲ್ಲ. ಪ್ಯಾಕ್ ಎಂದು ಬರೆದು ಮತ್ತೆ ಎಂಟರ್.

ಫಾಕ್ಸ್‌ಪ್ರೋದ ಸಮ ಚಿಹ್ನೆ ನಾವು ಶಾಲೆಯಲ್ಲಿ ಕಲಿತ ಸಮ ಚಿಹ್ನೆಯಲ್ಲ. ಅಕ್ಷರಗಳನ್ನು ಹೋಲಿಸುವಾಗ ಅದು ಬಲಗಡೆಯ ಪದ ಮುಗಿಯುವವರೆಗೆ ಮಾತ್ರ ನೋಡುತ್ತದೆ. ಅಲ್ಲಿಯವರೆಗೆ ಹೊಂದಿದರೆ ಸಮ ಎಂದುಬಿಡುತ್ತದೆ. ಬಲಗಡೆ ಬರೇ ಕೆ ಇದ್ದರೆ ಕೆ ಅಕ್ಷರದಿಂದ ಹೊರಡುವುದೆಲ್ಲ ಸಮ. ಇಂಗ್ಲಿಷಿನಲ್ಲಿ ಬರೆದ ಕೋಕಾ, ಕರಿಗೋಟು, ಕೆಂಪುಗೋಟು ಮೂರೂ ಕೆ ಅಕ್ಷರದವು. ಹಾಗಾಗಬಾರದೆಂದರೆ ಮೊದಲೇ ಸೆಟ್ ಎಕ್ಸಾಕ್ಟ್ ಆನ್ ಎನ್ನಬೇಕು, ಇಲ್ಲವೇ ಸಮ ಚಿಹ್ನೆಯನ್ನು ಎರಡು ಸಲ ಒತ್ತಬೇಕು. ಹೆಸರಿನ ಮೊದಲ ನಾಲ್ಕಕ್ಷರ ಕೊಟ್ಟು ಹುಡುಕುವವರಿಗೆ ಅನುಕೂಲವಾಗಲೆಂದು ಭಾಷೆಯವರು ಸಡಿಲ ಅರ್ಥವನ್ನೇ ಮೂಲಸ್ಥಿತಿಯಾಗಿ ಇಟ್ಟಿದ್ದರು. ಹುಡುಕುವಾಗ ಅನುಕೂಲವೇ. ಅಳಿಸುವ ಆಜ್ಞೆಯೊಳಗೂ ಅದೇ ಸಡಿಲು ನುಸುಳಿದರೆ ಏನಾಗುತ್ತದೆಂದು ಯೋಚಿಸಿದಂತಿಲ್ಲ.

ರಾಬರ್ಟ್ ರೆಕಾರ್ಡ್ ಎಂಬ ಗಣಿತದವನು 1557ರಲ್ಲಿ ಎರಡು ಸಮಾಂತರ ಗೆರೆಗಳನ್ನು ಸಮ ಚಿಹ್ನೆಯಾಗಿ ಆರಿಸಿದ್ದು, ಅವುಗಳಿಗಿಂತ ಸಮವಾದ ಎರಡು ವಸ್ತುಗಳಿಲ್ಲ ಎಂಬ ಕಾರಣಕ್ಕೆ. ಪ್ರೋಗ್ರಾಮಿಂಗ್ ಭಾಷೆಗಳು ಅದನ್ನು ಎಷ್ಟು ಎಳೆದಾಡಿವೆ! ಸಿ ಭಾಷೆಯಲ್ಲಿ ಒಂದು ಸಮ ಎಂದರೆ ತುಂಬು, ಎರಡು ಸಮ ಎಂದರೆ ಹೋಲಿಸು. ಜಾವಾಸ್ಕ್ರಿಪ್ಟಿನಲ್ಲಿ ಮೂರು ಸಮಗಳ ಚಿಹ್ನೆಯೇ ಬೇಕಾಯಿತು, ಎರಡನ್ನು ನಂಬಲಾಗದ್ದಕ್ಕೆ. ಭಾಷೆ ಕಟ್ಟುವವರ ಮುಂದೆ ಇಡಬೇಕಾದ ಪ್ರಶ್ನೆಯನ್ನು ಮುಲ್ಕಿ ಓದಿದ ಒಬ್ಬ ಗುಮಾಸ್ತರು ಆ ರಾತ್ರಿ ನನ್ನ ಬೆನ್ನ ಹಿಂದೆ ನಿಂತು ಕೇಳಿದ್ದರು. ಯಾವ ಕೆ?

ಮರುದಿನ ಬೆಳಿಗ್ಗೆ ಸದಸ್ಯನೊಬ್ಬ ಕೌಂಟರಿಗೆ ಬಂದು ತನ್ನ ಕೆಂಪುಗೋಟಿನ ಹಣ ಕೇಳಿದಾಗ, ಅವನು ಕೆಂಪುಗೋಟು ತಂದೇ ಇಲ್ಲ ಎಂದು ಪರದೆ ಹೇಳಿತು. ಆಗ ಗೊತ್ತಾದದ್ದು. ಬ್ಯಾಕಪ್ ಇತ್ತು, ಹದಿನೈದು ದಿನ ಹಳೆಯದು. ಹಾಕಿದರೆ ಫ್ಲಾಪಿ ಓದಲಿಲ್ಲ.

ಗುಮಾಸ್ತರು ಬೈಯಲಿಲ್ಲ. ಕಿರ್ದಿ ತೆರೆದರು. ಎರಡು ರಾತ್ರಿ ಅವರು ಓದಿದರು, ನಾನು ಟೈಪಿಸಿದೆ. ಸಂಘದ ಹೊರಗಿನ ಹೋಟೆಲಿನಿಂದ ಚಹಾ ತರಿಸಿ, ಆರದಿರಲೆಂದು ಬಸಿಯನ್ನು ಮುಚ್ಚಿಟ್ಟು, ನಂಬರು, ಹೆಸರು, ಗ್ರೇಡು, ಕಿಲೋ ಎಂದು ಒಂದೇ ಲಯದಲ್ಲಿ ಓದುತ್ತ ಹೋದರು. ನಾನು ಹಿಂದೆ ಬಿದ್ದರೆ ಧ್ವನಿ ನಿಧಾನವಾಗುತ್ತಿತ್ತು, ಕೇಳಬೇಕಾಗಿರಲಿಲ್ಲ. ಆಮೇಲೆ ಪಟ್ಟಿಯನ್ನು ಪ್ರಿಂಟ್ ತೆಗೆಸಿ, ಕಿರ್ದಿಯ ಪಕ್ಕದಲ್ಲಿಟ್ಟು, ಕೆಂಪು ಪೆನ್ನಿನಿಂದ ಸಾಲು ಸಾಲಾಗಿ ತಾಳೆ ನೋಡಿದರು. ಈ ಸಲ ಅಟ್ಟದಲ್ಲಿ ಸಿಕ್ಕಿದ್ದು ಆ ಪಟ್ಟಿ.

ಆಡಳಿತ ಮಂಡಳಿಯವರು ವಿಚಾರಿಸಿದರು. ಕರೆಂಟ್ ಹೋಗಿ ಫೈಲು ಕೆಟ್ಟಿತು ಎಂದೆ. ಕರೆಂಟ್ ಹೋದರೆ ಇಂಡೆಕ್ಸ್ ಫೈಲು ಕೆಡುವುದು ಫಾಕ್ಸ್‌ಪ್ರೋದಲ್ಲಿ ಆಗಾಗ ಆಗುವಂಥದ್ದೇ, ಅವರಿಗೂ ಗೊತ್ತಿತ್ತು. ಎಲ್ಲರೂ ತಲೆಯಾಡಿಸಿದರು. ಗುಮಾಸ್ತರು ನೆಲ ನೋಡುತ್ತ ನಿಂತಿದ್ದರು. ನನ್ನನ್ನು ಬಿಟ್ಟುಕೊಡಲಿಲ್ಲ. ಆದರೆ ಅವತ್ತಿನ ಕಿರ್ದಿಯ ಕೊನೆಗೆ ಒಂದು ಸಾಲು ಬರೆದಿದ್ದರು, ಸಂಜೆ ನನಗೆ ಕಂಡಿತು: ಗಣಕದಲ್ಲಿ ಕೈತಪ್ಪಿ ಅಳಿಸಿದ ಮೂರು ಗ್ರೇಡಿನ ತೂಕಗಳನ್ನು ಕಿರ್ದಿ ನೋಡಿ ಮರಳಿ ಬರೆಯಿಸಿದೆ. ಕೆಳಗೆ ಸಹಿ, ತಾರೀಕು. ಯಾರ ಕೈ ಎಂದು ಬರೆದಿರಲಿಲ್ಲ. ನನಗೆ ಆಗ ಬಂದದ್ದು ಸಿಟ್ಟು. ಯಾರಾದರೂ ಓದಿದರೆ ಎಂಬ ಹೆದರಿಕೆಯ ಸಿಟ್ಟು.

ಇಷ್ಟರಲ್ಲೇ ನಿಲ್ಲಿಸಿದರೆ ಇದು ಹುಡುಗಾಟದ ವಯಸ್ಸಿನ ಒಂದು ತಪ್ಪಿನ ಕತೆ. ಅದಕ್ಕಿಂತ ದೊಡ್ಡದು ಮುಂದಿನ ವರ್ಷ ಮಾಡಿದೆ. ಗುಮಾಸ್ತರು ನಿವೃತ್ತರಾಗುವಾಗ ಆ ಜಾಗಕ್ಕೆ ಬೇರೆಯವರು ಬೇಕೋ ಎಂದು ಸಂಘ ನನ್ನನ್ನು ಕೇಳಿತು. ಗಣಕೀಕರಣ ಪೂರ್ತಿಯಾಗಿದೆ, ಕೈಬರಹದ ಕಿರ್ದಿ ಎರಡನೆಯ ಕೆಲಸ, ದಿನದ ಕೊನೆಗೆ ಪ್ರಿಂಟ್ ತೆಗೆದು ಹೊಲಿದಿಟ್ಟರೆ ಸಾಕು ಎಂದು ವರದಿ ಬರೆದುಕೊಟ್ಟೆ. ಯಾವ ಪುಸ್ತಕ ನನ್ನನ್ನು ಉಳಿಸಿತ್ತೋ ಅದೇ ಪುಸ್ತಕವನ್ನು ನಿಲ್ಲಿಸಿದೆ. ಆ ಕುರ್ಚಿಗೆ ಯಾರೂ ಬರಲಿಲ್ಲ. 2000ದಲ್ಲಿ ಬೆಂಗಳೂರಿಗೆ ಬಂದ ಮೇಲೆ ಸಂದರ್ಶನಗಳಲ್ಲಿ ನಾನು ಇದನ್ನೇ ಸಾಧನೆಯಾಗಿ ಹೇಳಿಕೊಂಡೆ: ಒಂದು ಸಂಘದ ಲೆಕ್ಕವನ್ನು ಕಾಗದದಿಂದ ಬಿಡಿಸಿದವನು ನಾನು.

ಅದು ಸಾಧನೆಯಲ್ಲವೆಂದು ಅರ್ಥವಾದದ್ದು ಗಿಟ್ ಕಲಿತಾಗ. ಲಿನಸ್ ಟೋರ್ವಾಲ್ಡ್ಸ್ 2005ರಲ್ಲಿ ಲಿನಕ್ಸ್ ಕರ್ನಲ್ ಕೆಲಸಕ್ಕೆಂದು ಕಟ್ಟಿದ ಉಪಕರಣ ಅದು. ನಮ್ಮ ಕಚೇರಿಗೆ ಬರುವಾಗ ಮತ್ತೈದು ವರ್ಷ ಕಳೆದಿತ್ತು. ಪ್ರತಿ ಬದಲಾವಣೆಯೂ ಒಂದು ನಮೂದು: ಯಾರು, ಯಾವಾಗ, ಏಕೆ. ಪ್ರತಿ ನಮೂದಿನೊಳಗೆ ಹಿಂದಿನ ನಮೂದಿನ ಬೆರಳಚ್ಚು ಇರುತ್ತದೆ. ಹಳೆಯದೊಂದರಲ್ಲಿ ಒಂದಕ್ಷರ ತಿದ್ದಿದರೂ ಅಲ್ಲಿಂದ ಮುಂದಿನ ಬೆರಳಚ್ಚುಗಳೆಲ್ಲ ಬದಲಾಗಿ ತಿದ್ದಿದ್ದು ಬಯಲಾಗುತ್ತದೆ. ನಿನ್ನೆಯ ಆಖೈರು ಶಿಲ್ಕಿಲ್ಲದೆ ಇವತ್ತಿನ ಪುಟ ಶುರುವಾಗದು. ತಪ್ಪಾದ ನಮೂದನ್ನು ರಿವರ್ಟ್ ಮಾಡಿದರೆ ಅದು ಹಳೆಯದನ್ನು ಕಿತ್ತು ಹಾಕುವುದಿಲ್ಲ, ಇವತ್ತಿನ ತಾರೀಕಿನಲ್ಲಿ ಅದರ ವಿರುದ್ಧ ನಮೂದನ್ನು ಬರೆಯುತ್ತದೆ. ತರಬೇತಿ ಕೊಡುತ್ತಿದ್ದವನು ಅದನ್ನು ಹೊಸ ಆಲೋಚನೆಯೆಂಬಂತೆ ವಿವರಿಸುವಾಗ ನನಗೆ ಜೇಬಿನೊಳಗಿನ ಎರಡು ಪೆನ್ನು ಕಂಡವು.

ಅದಕ್ಕೂ ಸ್ವಲ್ಪ ಮೊದಲು, 2009ರಲ್ಲಿ, ಟೋನಿ ಹೋರ್ ಲಂಡನ್ನಿನ ಒಂದು ಸಮ್ಮೇಳನದಲ್ಲಿ ಎದ್ದು ನಿಂತು, 1965ರಲ್ಲಿ ಆಲ್ಗಾಲ್ ಡಬ್ಲ್ಯೂ ಭಾಷೆಗೆ ನಲ್ ರೆಫರೆನ್ಸ್, ಅಂದರೆ ಯಾವುದನ್ನೂ ತೋರದ ಖಾಲಿ ಉಲ್ಲೇಖ, ಸೇರಿಸಿದ್ದು ತನ್ನ ತಪ್ಪು, ನೂರು ಕೋಟಿ ಡಾಲರಿನ ತಪ್ಪು, ಅದನ್ನು ಮಾಡುವುದು ಸುಲಭವಾಗಿತ್ತೆಂಬ ಆಸೆಗೆ ಸೇರಿಸಿಬಿಟ್ಟೆ ಎಂದು ಹೇಳಿದ್ದರು. ಭಾಷೆ ಕಟ್ಟುವವರಲ್ಲಿ ಅಷ್ಟು ದೊಡ್ಡ ಹೆಸರಿನವರು ನಲವತ್ತು ವರ್ಷಗಳ ನಂತರ ತಮ್ಮ ಸಾಲಿನ ಪಕ್ಕ ತಾವೇ ಸಹಿ ಹಾಕಿದರು. ಆ ಭಾಷಣದ ವಿಷಯ ಓದಿದ ದಿನ ನಾನು ಊರಿಗೆ ಫೋನು ಮಾಡಿ ಗುಮಾಸ್ತರ ಬಗ್ಗೆ ವಿಚಾರಿಸಿದೆ. ಹೋಗಿ ಎರಡು ವರ್ಷವಾಯಿತು ಎಂದರು.

ಕನ್ನಡದ ವಿಷಯದಲ್ಲೂ ನಾನು ತಡವಾಗಿ ಕಣ್ಣು ಬಿಟ್ಟವನು. ಕೆ.ಪಿ. ರಾವ್ ಅವರ ಕೀಲಿಮಣೆ ವಿನ್ಯಾಸ, 1998ರಲ್ಲಿ ಬಂದ ಶೇಷಾದ್ರಿವಾಸು ಅವರ ಬರಹ, ಗಣಕ ಪರಿಷತ್ತಿನ ನುಡಿ, ಇವೆಲ್ಲ ಪತ್ರ ಬರೆಯುವವರಿಗೆ, ಪುಸ್ತಕ ಅಚ್ಚು ಹಾಕುವವರಿಗೆ ಎಂದುಕೊಂಡಿದ್ದೆ. ಯು.ಬಿ. ಪವನಜ ಅವರು ಮಕ್ಕಳ ಪ್ರೋಗ್ರಾಮಿಂಗ್ ಭಾಷೆಯಾದ ಲೋಗೋವನ್ನು ಕನ್ನಡಕ್ಕೆ ತಂದಿದ್ದಾರೆಂದು ಕೇಳಿದಾಗ, ಆಜ್ಞೆಗಳು ಕನ್ನಡದಲ್ಲಿದ್ದರೆ ಏನು ಲಾಭ, ಮುಂದೆ ಎಲ್ಲರೂ ಇಂಗ್ಲಿಷಿನಲ್ಲೇ ಬರೆಯಬೇಕಲ್ಲ ಎಂದು ವಾದಿಸಿದ್ದೆ. ಈಗ ಹಾಗೆ ಹೇಳಲಾರೆ. ನನ್ನ ಆಜ್ಞೆ ಕನ್ನಡದಲ್ಲಿದ್ದು, ಗ್ರೇಡುಗಳು ಕನ್ನಡ ಲಿಪಿಯಲ್ಲಿದ್ದರೆ ಕೋ, ಕ, ಕೆಂ ಬೇರೆ ಬೇರೆಯಾಗಿ ಕಣ್ಣಿಗೆ ಹೊಡೆಯುತ್ತಿದ್ದವು. ಹಿಂದೆ ನಿಂತವರು ಪ್ರಶ್ನೆ ಕೇಳಿ ಸುಮ್ಮನಾಗದೆ ನನ್ನ ಕೈ ಹಿಡಿಯುತ್ತಿದ್ದರು. ಯಾವ ಲೆಕ್ಕವನ್ನು ಅವರು ಮೂವತ್ತು ವರ್ಷ ಬರೆದರೋ ಆ ಲೆಕ್ಕವನ್ನು ಅವರದಲ್ಲದ ಲಿಪಿಗೆ ಒಯ್ದವನು ನಾನು.

ಸಂಜೆ ಕೆಲಸ ಮುಗಿಸಿ ಅಣ್ಣನ ಮಗಳು ಏಣಿ ಹಿಡಿಯಲು ಬಂದಳು. ಕಾಗದ ಕೊಟ್ಟೆ. ಜಗಲಿಯಲ್ಲಿ ಬಿಡಿಸಿ ಕೂತು ಪುಟ ತಿರುವಿದಳು. ಗಂಗಾವಳಿ ಆಗ ಸೊರಗಿ ಬಂಡೆಗಳ ನಡುವೆ ಹರಿಯುತ್ತಿತ್ತು. ಕೊನೆಗೊಂದು ಕಡೆ ಅವಳ ಬೆರಳು ನಿಂತಿತು. ಕೋಕಾ, 47 ಕಿಲೋ ಎಂದು ಅಚ್ಚಾದ ಸಾಲು. 47ರ ಮೇಲೆ ಕೆಂಪು ಮಸಿಯ ಒಂದು ಗೆರೆ, ಅದರ ಮೇಲೆ 74, ಪಕ್ಕದಲ್ಲಿ ಚಿಕ್ಕ ಸಹಿ. ಎರಡನೆಯ ರಾತ್ರಿಯ ನಿದ್ದೆಗಣ್ಣಿನಲ್ಲಿ ಅಂಕಿ ತಿರುಗಿಸಿ ಹೊಡೆದಿದ್ದೆ.

"ಅಪ್ಪಚ್ಚಿ, ಇದು ಡಿಫ್ ಅಲ್ದಾ?" ಎಂದಳು. ಹಳೆಯ ಸಾಲು ಕೆಂಪಿನಲ್ಲಿ, ಹೊಸ ಸಾಲು ಹಸಿರಿನಲ್ಲಿ, ಎರಡೂ ಒಟ್ಟಿಗೆ ಕಾಣುವ ಹಾಗೆ ಅವಳ ಪರದೆ ದಿನವೂ ತೋರಿಸುವುದು ಅದನ್ನೇ. ಹೌದು ಎಂದೆ. ಬ್ಲೇಮ್ ಎಂಬ ಹೆಸರು ನನಗೆ ಮೊದಲಿನಿಂದಲೂ ಹಿಡಿಸಿಲ್ಲ, ಸಬ್‌ವರ್ಷನ್ ಎಂಬ ಹಳೆಯ ಉಪಕರಣದಲ್ಲಿ ಅದೇ ಆಜ್ಞೆಯನ್ನು ಪ್ರೇಸ್ ಎಂದೂ ಬರೆಯಬಹುದಿತ್ತು, ಹೊಗಳಿಕೆ ಎಂಬ ಅರ್ಥದಲ್ಲಿ ಎಂದೂ ಹೇಳಿದೆ. ಅವಳಿಗೆ ಅದು ಗೊತ್ತಿರಲಿಲ್ಲ.

"ಈ ಸಹಿ ಯಾರದ್ದು?"

ಹೇಳಿದೆ. ಸಂಘ, ಕಿರ್ದಿ, ಎರಡು ರಾತ್ರಿ, ಬಸಿ ಮುಚ್ಚಿದ ಚಹಾ.

"ಡಾಟಾ ಹೋದದ್ದು ಹ್ಯಾಗೆ? ಕರೆಂಟ್ ಹೋಗಿತ್ತು ಅಂತ ಅಪ್ಪ ಹೇಳಿದ್ದ."

ಅಣ್ಣನಿಗೂ ಹಾಗೇ ಹೇಳಿದ್ದೆನೆಂದು ಮರೆತೇಹೋಗಿತ್ತು. ಅವಳ ಕೈಯಿಂದ ಕಾಗದ ತೆಗೆದುಕೊಂಡು ಮಡಿಕೆಯ ಮೇಲೆ ಮಡಿಕೆ ಕೂರಿಸಿದೆ. ಆ ರಾತ್ರಿ ಕರೆಂಟ್ ಹೋಗಿರಲಿಲ್ಲ ಎಂದೆ.